ಯೆಜ್ದಿಯೊಂದರ ಪಾಠಶೋಧನೆ

ಬಂಟ್ವಾಳದ ಪೇಟೆಯಿಂದ ಕೆಲವು ಮೈಲಿ ಒಳಗೆ, ನೇತ್ರಾವತಿಯ ಕಡೆಗೆ ಇಳಿಯುವ ತೋಟವೊಂದರ ಅಂಗಳದಲ್ಲಿ, ಒಣಹಾಕಿದ ಅಡಕೆಯ ಅಂಚಿಗೆ ನಿಲ್ಲಿಸಿದ್ದ ಹಳೆಯ ಯೆಜ್ದಿ ಮೋಟಾರ್ ಸೈಕಲ್ಲೊಂದು ಎರಡು ಮಳೆಗಾಲಗಳ ಮೌನವನ್ನು ಮುರಿದು ಮೂರನೆಯ ಒದೆತಕ್ಕೆ ಎದ್ದು ಕೂಗಿದಂದಿನಿಂದ, ನನ್ನ ಮಿತ್ರರೊಬ್ಬರ ಕೀರ್ತಿಯು ಬಿ.ಸಿ. ರೋಡಿನಿಂದ ಬೆಳ್ತಂಗಡಿಯವರೆಗೆ ಹಬ್ಬಿದೆ. "ಮನೆಯಲ್ಲೇ ಎಂಜಿನ್ ಬಿಚ್ಚಿ ಕಟ್ಟಿದ್ದು ಮಾರಾಯ್ರೆ, ಗ್ಯಾರೇಜಿನ ಮೆಟ್ಟಿಲು ತುಳಿಯಲಿಲ್ಲ" ಎಂದು ಹೇಳುವವರು ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ಟ್ಯಾಂಕಿನ ಬಣ್ಣವನ್ನು ಹೊಗಳಿದವರುಂಟು, ಜೋಡಿ ಸೈಲೆನ್ಸರುಗಳ ಹೊಳಪಿನಲ್ಲಿ ಮುಖ ನೋಡಿಕೊಂಡವರುಂಟು, ಆ ಪ್ರಥಮ ಧ್ವನಿಯನ್ನು ಕೇಳಿ ಯೌವನವನ್ನು ನೆನೆದು ಕಣ್ಣೊರಸಿಕೊಂಡವರೂ ಉಂಟು. ಎಂಜಿನ್ನಿನ ಒಳಗೆ ಏನು ನಡೆದಿದೆಯೆಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಆ ಎರಡು ಮಳೆಗಾಲವೂ ಅವರ ಜಗಲಿಯಲ್ಲಿ, ಸಹಾಯಕನಾಗಿ ಅಲ್ಲ, ಕಾಫಿ ಕುಡಿಯುವ ಸಾಕ್ಷಿಯಾಗಿ ಕುಳಿತಿದ್ದ ನನಗೆ, ಈ ಕೀರ್ತಿಯು ಸಲ್ಲಬೇಕಾದ ಕಡೆ ಸಲ್ಲದೆ ಸಲ್ಲಬಾರದ ಕಡೆಗೆ ಸಂದಿದೆಯೆಂಬ ಅಭಿಪ್ರಾಯವು ಬಹಳ ಮೊದಲೇ ಹುಟ್ಟಿತು. ಅದನ್ನು ಬದಲಿಸುವ ಕಾರಣವು ಇಂದಿಗೂ ದೊರೆತಿಲ್ಲ.

ಯೆಜ್ದಿಯೆಂದರೇನು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೆಂದರೇನು, 1996ರಲ್ಲಿ ಅದರ ಬಾಗಿಲು ಮುಚ್ಚಿದಾಗ ಎಷ್ಟು ಮನೆಗಳಲ್ಲಿ ನಿಟ್ಟುಸಿರು ಕೇಳಿಬಂತು ಎಂಬುದನ್ನೆಲ್ಲ ಕನ್ನಡದ ಓದುಗರಿಗೆ ವಿವರಿಸಹೊರಡುವುದು ಔಚಿತ್ಯವಲ್ಲ. ಆದರೆ ಹಳೆಯ ಯಂತ್ರವನ್ನು ಮರಳಿ ಕಟ್ಟುವ ಕೆಲಸವು ಯಾವ ಜಾತಿಯದೆಂಬ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ನಮ್ಮ ಬಂಟ್ವಾಳದ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಸಣ್ಣ ಪೆಟ್ರೋಲ್ ಎಂಜಿನ್ನಿನಿಂದ ಅಡಕೆ ಮರವೇರುವ ಯಂತ್ರವನ್ನು ರಚಿಸಿದಾಗ, 2019ರಲ್ಲಿ ಅದರ ಚಿತ್ರವನ್ನು ದೇಶವೆಲ್ಲ ನೋಡಿತು. ಅದು ಆವಿಷ್ಕಾರ, ಅದರ ಪ್ರಮಾಣವು ಅದರ ಪ್ರಯೋಜನದಲ್ಲಿಯೇ ಇದೆ, ಮರವೇರಿದರೆ ಗೆದ್ದಿತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಹಳೆಯ ಕಾರುಗಳ ಸಂಗ್ರಹವಿದೆ; ಅದು ರಕ್ಷಣೆ, ಅಲ್ಲಿ ಕಾಣುವುದೇ ಮುಖ್ಯ. ನನ್ನ ಮಿತ್ರರ ಕೆಲಸವು ಇವೆರಡೂ ಅಲ್ಲದೆ, ಮೂಡುಬಿದಿರೆಯಲ್ಲಿ ಧವಲಾ, ಜಯಧವಲಾ ಮೊದಲಾದ ಜೈನಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳಿಂದ ಕಾದು, ಕೊನೆಗೆ ಓಲೆ ಓಲೆಯನ್ನೂ ಬಿಡಿಸಿ ಪ್ರತಿ ಮಾಡಿಕೊಂಡ ವಿದ್ವಾಂಸರ ಕೆಲಸದ ಬಂಧುವೆಂದು ನಾನು ಎಣಿಸಿದ್ದೇನೆ. ಗ್ರಂಥಸಂಪಾದನೆಯನ್ನು ಕನ್ನಡಕ್ಕೆ ಶಾಸ್ತ್ರವಾಗಿ ತಂದ ಡಿ.ಎಲ್. ನರಸಿಂಹಾಚಾರ್ಯರನ್ನು ಓದಿದವರಿಗೆ ಈ ಬಾಂಧವ್ಯವು ವಿಚಿತ್ರವೆನಿಸಲಾರದು. ಲಿಪಿಕಾರನು ಮಾಡಿದ ಸ್ಖಾಲಿತ್ಯದಂತೆಯೇ ಹಿಂದಿನ ಮೇಸ್ತ್ರಿಯೊಬ್ಬನು ಸ್ಪಾನರ್ ಸಿಗದೆ ಉಳಿಯಿಟ್ಟು ಹೊಡೆದು ಬಿಚ್ಚಿದ ನಟ್ಟಿನ ಗಾಯವೂ ಒಂದು ಅಪಪಾಠ. ಅದನ್ನು ಗುರುತಿಸುವುದು, ಗುರುತು ಹಾಕುವುದು, ಮೇಲೆ ತಿದ್ದುವುದು, ಇದೇ ಕ್ರಮ.

ಈ ಕ್ರಮದ ಮೊದಲ ಭಾಗದಲ್ಲಿ ನನ್ನ ಮಿತ್ರರು ನಿಷ್ಕಳಂಕರು. ಕವರು ತೆಗೆಯುವ ಮುನ್ನ ರಟ್ಟಿನ ಮೇಲೆ ಅದರ ಆಕಾರವನ್ನು ಗೀಚಿ, ಉದ್ದ ಗಿಡ್ಡ ಸ್ಕ್ರೂಗಳನ್ನು ಅದದರ ಸ್ಥಾನದಲ್ಲಿ ಚುಚ್ಚಿಟ್ಟರು; ಕ್ಲಚ್ಚಿನ ಕಾರ್ಕು ಪ್ಲೇಟುಗಳನ್ನು ಬಂದ ಅನುಕ್ರಮದಲ್ಲಿಯೇ ದಾರಕ್ಕೆ ಪೋಣಿಸಿದರು; ಎರಡು ನೂರು ಪುಟಗಳ ನೋಟುಪುಸ್ತಕದಲ್ಲಿ ದಿನಾಂಕ ಹಾಕಿ ಎಲ್ಲವನ್ನೂ ಬರೆದರು. ಇದನ್ನು ಯಾರೂ ಹೊಗಳಲಿಲ್ಲ.

ಈಗ ಎಂಜಿನ್ನಿನ ಕೆಳಭಾಗಕ್ಕೆ ಬರೋಣ. ಅಲ್ಲಿಯೇ ನಾವು ತುಸು ಹೆಚ್ಚು ಹೊತ್ತು ಇರಬೇಕಾಗಿದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸು ಬರಿಯ ಪೆಟ್ಟಿಗೆಯಲ್ಲ, ಕಮ್ಮಾರನ ತಿದಿ: ಪಿಸ್ಟನ್ನು ಮೇಲೇರುವಾಗ ಕಾರ್ಬುರೇಟರಿನಿಂದ ಪೆಟ್ರೋಲು ಗಾಳಿಗಳ ಮಿಶ್ರಣವನ್ನು ಅದು ಒಳಕ್ಕೆ ಸೆಳೆಯುತ್ತದೆ, ಇಳಿಯುವಾಗ ಅದನ್ನೇ ಅದುಮಿ ಪಕ್ಕದ ದಾರಿಗಳಿಂದ ಸಿಲಿಂಡರಿಗೆ ದಾಟಿಸುತ್ತದೆ. ತಿದಿಗೆ ತೂತು ಬಿದ್ದರೆ ಕುಲುಮೆ ಉರಿಯದು. ಆ ತೂತನ್ನು ತಡೆಯುವವು ಎರಡು ಬದಿಯ ಎರಡು ಆಯಿಲ್ ಸೀಲುಗಳು, ಅಲ್ಪ ಬೆಲೆಯ ರಬ್ಬರು ಬಳೆಗಳು. ಎಡಬದಿಯದು ಸೋತರೆ ಚೈನಿನ ಕಡೆಯ ಎಣ್ಣೆಯು ಒಳಗೆ ಸೆಳೆಯಲ್ಪಟ್ಟು ಬಿಳಿಹೊಗೆ ಏಳುತ್ತದೆ. ಡೈನಮೋ ಇರುವ ಬಲಬದಿಯದು ಸೋತರೆ ಅಳತೆ ಮೀರಿದ ಗಾಳಿ ನುಗ್ಗಿ, ಮಿಶ್ರಣವು ತೆಳುವಾಗಿ, ಬಿಸಿಯೇರಿ, ಒಂದು ದಿನ ಏರಿನಲ್ಲಿ ಪಿಸ್ಟನ್ನು ಹಿಡಿಯುತ್ತದೆ. ಆದುದರಿಂದ ಆ ಪ್ರಥಮ ದಿನದ ಹೊಗೆಯನ್ನು ನೋಡಿ ಹರ್ಷಿಸಿದವರು, ದೋಷದ ಲಕ್ಷಣವಾಗಿರಬಹುದಾದುದನ್ನೇ ಗುಣವೆಂದು ಹರ್ಷಿಸಿದರು.

ಸೀಲು ಬದಲಿಸುವುದು ಸುಲಭ. ಆದರೆ ಅದು ಉಳಿಯಬೇಕಾದರೆ ಅದರ ನಡುವೆ ತಿರುಗುವ ದಂಡವು ನೇರವಾಗಿರಬೇಕು, ದಂಡವು ನೇರವಾಗಿರಬೇಕಾದರೆ ಕ್ರ್ಯಾಂಕು ಸರಿಯಾಗಿರಬೇಕು. ಈ ಕ್ರ್ಯಾಂಕಾದರೋ ಒಂದೇ ಕಬ್ಬಿಣದ ವಸ್ತುವಲ್ಲ. ಎರಡು ಭಾರವಾದ ಚಕ್ರಗಳು, ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ರೋಲರುಗಳು, ಅದರ ಮೇಲೆ ಕನೆಕ್ಟಿಂಗ್ ರಾಡು, ಇಷ್ಟೂ ಬಲವಾದ ಒತ್ತಡದಿಂದ ಒಂದಾದವು. ರಾಡು ಅಕ್ಕಪಕ್ಕಕ್ಕೆ ತುಸು ಆಡಿದರೆ ದೋಷವಲ್ಲ, ಮೇಲೆ ಕೆಳಗೆ ಆಡಿದರೆ ದೋಷ. ನನ್ನ ಮಿತ್ರರು ಮೊದಲ ವಾರ ಅಕ್ಕಪಕ್ಕದ ಆಟವನ್ನು ನೋಡಿ ಬೆದರಿದರು, ಮೇಲೆ ಕೆಳಗಿನ ಸಣ್ಣ ಟಕಟಕವನ್ನು ಕೇಳಿಯೂ ಕೇಳದಂತಿದ್ದರು. ಮಳೆ ಜೋರಾಗಿ ಹೊಯ್ಯುತ್ತಿದ್ದುದೂ ಒಂದು ಕಾರಣವಿರಬಹುದು. ಕೊನೆಗೆ ಒಪ್ಪಿಕೊಂಡು, ಕ್ರ್ಯಾಂಕನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮೂಡುಬಿದಿರೆಯ ಒಂದು ಲೇತಿನ ಅಂಗಡಿಗೆ ಒಯ್ದರು.

ಅಲ್ಲಿ ನಡೆದುದನ್ನು ನಾನು ಕಂಡಿದ್ದೇನೆ. ಪ್ರೆಸ್ಸಿನಲ್ಲಿ ಹಳೆಯ ಪಿನ್ನನ್ನು ಹೊರದೂಡಿ, ಹೊಸದನ್ನು ಕೂರಿಸಿ, ಕ್ರ್ಯಾಂಕಿನ ಎರಡು ತುದಿಗಳನ್ನು ಸೆಂಟರುಗಳ ನಡುವೆ ಹಿಡಿದು, ಡಯಲ್ ಗೇಜಿನ ಮುಳ್ಳನ್ನು ದಂಡಕ್ಕೆ ತಾಗಿಸಿ ಮೆಲ್ಲಗೆ ತಿರುಗಿಸಿದರು. ಮುಳ್ಳು ಅಲುಗಿತು. ಚಕ್ರದ ಅಂಚಿಗೆ ತಾಮ್ರದ ಸುತ್ತಿಗೆಯ ಒಂದು ಪೆಟ್ಟು, ಮತ್ತೆ ಒಂದು ಸುತ್ತು, ಮತ್ತೆ ಅಲುಗಿತು. ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ನಡೆಯುವ ಈ ವ್ಯವಹಾರದಲ್ಲಿ ಪೆಟ್ಟು ಎಲ್ಲಿಗೆ ಬೀಳಬೇಕೆಂಬುದೇ ವಿದ್ಯೆ. ಎಷ್ಟು ಬಲವಾಗಿ ಎಂಬುದು ಕೈಯ ಸ್ಮರಣೆ. ಇಷ್ಟು ಸಾಲದೇ ಎಂದು ಮಿತ್ರರು ಕೇಳಿದಾಗ ಲೇತಿನವರು ತಲೆಯೆತ್ತದೆ, "ಅಣ್ಣಾ, ಮುಳ್ಳು ಸುಳ್ಳು ಹೇಳುದಿಲ್ಲ" ಎಂದರು. ನಿಮಿಷಕ್ಕೆ 4500 ಸುತ್ತು ತಿರುಗುವ ದಂಡವೆಂದರೆ ಸೆಕೆಂಡಿಗೆ 75 ಸುತ್ತು. ಗೇಜಿನಲ್ಲಿ ಕೂದಲಿನಷ್ಟು ಕಂಡ ಓಲಾಟವು ಅಷ್ಟು ಸಲ ಬೇರಿಂಗನ್ನು ಗುದ್ದಿ, ಅಷ್ಟು ಸಲ ಸೀಲಿನ ತುಟಿಯನ್ನು ಅಗಲಿಸುತ್ತದೆ. ಒಮ್ಮೆ ಮನೆಗೆ ತಂದು, ಸಂಶಯ ಬಂದು, ಮತ್ತೆ ಒಯ್ದು, ಹೀಗೆ ಮೂರು ಸಲ ಆ ದಾರಿ ನಡೆಯಿತು. ನನ್ನ ತೀರ್ಪಿನಲ್ಲಿ ಇಡೀ ಪುನಾರಚನೆಯಲ್ಲಿ ಅತ್ಯಂತ ಶ್ರೇಷ್ಠವಾದ ಕೃತ್ಯವು ಆ ಮೂರನೆಯ ಪ್ರಯಾಣ. ತನ್ನ ಕೈ ಎಲ್ಲಿ ಮುಗಿಯುತ್ತದೆಯೆಂದು ತಿಳಿದು, ನಾಚದೆ ಇನ್ನೊಬ್ಬರ ಕೈಗೆ ಒಪ್ಪಿಸಿ, ಬಂದುದನ್ನು ಅಳೆದು ನೋಡಿ ಹಿಂತಿರುಗಿಸಿದ ವಿವೇಕವು ಹವ್ಯಾಸಿಗೆ ಭೂಷಣ. ಇದನ್ನೇ ಅವರು ಲೋಕಕ್ಕೆ ಹೇಳುವುದಿಲ್ಲ.

ಮನೆಯೇ ಗೆದ್ದ ಪ್ರಸಂಗವೂ ಒಂದುಂಟು. ಬೇರಿಂಗನ್ನು ಕೇಸಿನೊಳಗೆ ಸುತ್ತಿಗೆಯಿಂದ ಬಡಿದು ಕೂರಿಸುವ ಅನಾಗರಿಕತೆಯನ್ನು ಬಿಟ್ಟು, ಅಡಕೆ ಸಿಪ್ಪೆಯ ಉರಿಯಲ್ಲಿ ಕುದಿಯುತ್ತಿದ್ದ ಬಚ್ಚಲ ಹಂಡೆಯೊಳಗೆ ಅಲ್ಯೂಮಿನಿಯಂ ಕೇಸನ್ನು ಮುಳುಗಿಸಿದರು. 50 ಮಿ.ಮೀ. ವ್ಯಾಸದ ರಂಧ್ರವು 70 ಡಿಗ್ರಿ ಬಿಸಿಯೇರಿದರೆ ಸುಮಾರು 0.08 ಮಿ.ಮೀ. ಹಿಗ್ಗುತ್ತದೆ, ತಣ್ಣಗಿನ ಉಕ್ಕಿನ ಬೇರಿಂಗಿಗೆ ಅಷ್ಟೇ ಸಾಕು. ಹೊರತೆಗೆದು ಬಟ್ಟೆಯಿಂದೊರಸಿದ ಕೇಸಿನೊಳಕ್ಕೆ ಅದು ತನ್ನ ಭಾರಕ್ಕೆ ತಾನೇ ಇಳಿದು ಟಕ್ಕೆಂದು ಕುಳಿತಿತು. ಸಂಜೆ, ಎರಡು ಅರ್ಧಗಳು ಸೇರಿ ಮೇಲೆ ಸಿಲಿಂಡರೂ ಕುಳಿತ ಬಳಿಕ, ಸೈಕಲ್ ಟ್ಯೂಬಿನ ತುಂಡುಗಳಿಂದ ದಾರಿಗಳನ್ನು ಮುಚ್ಚಿ, ಪಂಪಿನಿಂದ ಮೆಲ್ಲನೆ ಗಾಳಿಯೂದಿ, ಸಂದುಗಳಿಗೆ ಅಂಟುವಾಳದ ನೊರೆ ಸವರಿ ಗುಳ್ಳೆ ಏಳುವುದೇ ಎಂದು ನೋಡಿದರು. ಏಳಲಿಲ್ಲ. ಇಷ್ಟರಲ್ಲಿಯೇ ನಿಂತಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

ನಿಲ್ಲಲಿಲ್ಲ. ಸಿಲಿಂಡರಿಗೆ ಬೋರು ಹಾಕಿಸಿ ತಂದಾಗಲೇ, ಯಾರೋ ಹೇಳಿದರೆಂದು, ಎಕ್ಸಾಸ್ಟಿನ ಕಿಂಡಿಯ ಮೇಲಂಚನ್ನು ಅರದಿಂದ ಉಜ್ಜಿ ಏರಿಸಿ ಕನ್ನಡಿಯಂತೆ ಮಾಡಿದ್ದರು. ನೋಡಬಂದವರೆಲ್ಲರೂ ಈ ಕನ್ನಡಿಯನ್ನೇ ಕೊಂಡಾಡಿದುದು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಆ ಅಂಚೇ ಕಾಲನಿಯಾಮಕ. ಪಿಸ್ಟನ್ನು ಅದನ್ನು ದಾಟಿದ ಕ್ಷಣದಲ್ಲಿ ಹೊಗೆಗೆ ಬಾಗಿಲು ತೆರೆಯುತ್ತದೆ. ಅಂಚನ್ನು ಏರಿಸಿದವನು ಎಂಜಿನ್ನಿನ ಛಂದಸ್ಸನ್ನೇ ಬದಲಿಸಿದಂತಾಯಿತು. ಮೇಲಿನ ವೇಗದಲ್ಲಿ ಆರ್ಭಟ ಹೆಚ್ಚಿತು, ಏರಿನಲ್ಲಿ ಬೇಕಾದ ಕೆಳಗಿನ ಬಲವು ಕುಂದಿತು. ತಪ್ಪು ಓದನ್ನು ಮತ್ತೆ ತಿದ್ದಬಹುದು, ಅರ ತಿಂದ ಲೋಹವನ್ನು ಮರಳಿ ಇಡುವಂತಿಲ್ಲ. ಕವಿಯು ಬರೆಯದೆ ಲಿಪಿಕಾರನು ತಾನೇ ರಚಿಸಿ ನಡುವೆ ಸೇರಿಸಿದ ಪದ್ಯಕ್ಕೆ ನಾವು ಕೊಡುವ ಹೆಸರನ್ನೇ ಇದಕ್ಕೂ ಕೊಡುತ್ತೇನೆ: ಪ್ರಕ್ಷಿಪ್ತ.

ಇಲ್ಲಿ ಮೂಲವಾದಿಗಳು ನನ್ನ ಪಕ್ಷಕ್ಕೆ ಓಡಿಬರುವರೆಂದು ಬಲ್ಲೆ. ಅವರು ಬಾರದಿರುವುದೇ ಲೇಸು. ಹಳೆಯ ವಾಹನಗಳ ವಿಷಯದಲ್ಲಿ ಈಚೆಗೆ ಒಂದು ವಿಮರ್ಶಕ ಪಂಗಡವೇ ಬೆಳೆದಿದ್ದು, 'ಒರಿಜಿನಲ್' ಎಂಬ ಒಂದೇ ಪದದಿಂದ ಎಲ್ಲ ಕೃತಿಗಳನ್ನೂ ತೂಗುತ್ತದೆ. ಕಾರ್ಖಾನೆಯ ಮುದ್ರೆಯಿಲ್ಲದ ಪಿನ್ನು ಹಾಕಿದರೆಂಬ ಕಾರಣಕ್ಕೆ ನನ್ನ ಮಿತ್ರರ ಕ್ರ್ಯಾಂಕನ್ನು, ಅಂದರೆ ಅವರ ಕೆಲಸದ ಶ್ರೇಷ್ಠಭಾಗವನ್ನೇ, ಈ ಪಂಗಡವು ಅಶುದ್ಧವೆಂದು ಸಾರಿತು. ಯಾವ ಮೂಲವೆಂದು ಕೇಳುತ್ತೇನೆ. ಜಾವಾ ಎಂಬ ಹೆಸರೇ 1929ರಲ್ಲಿ ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ತಲೆಗಳನ್ನು ಕೂಡಿಸಿ ಪ್ರಾಗಿನಲ್ಲಿ ಮಾಡಿದ ಸಮಾಸ. ಅಲ್ಲಿಯ ಎಂಜಿನ್ನು 1960ರ ದಶಕದಲ್ಲಿ ಮೈಸೂರಿಗೆ ಬಂದು, ಮುಂದೆ ಯೆಜ್ದಿಯೆಂಬ ಹೆಸರನ್ನು ತಾಳಿತು. ಮೈಸೂರಿನದು ಮೂಲವಾದರೆ ಪ್ರಾಗಿನದೇನು? ಪ್ರಾಗಿನದು ಮೂಲವಾದರೆ ನಮ್ಮ ಅಂಗಳದ್ದೆಲ್ಲವೂ ಪಾಠಾಂತರ. ಪಾಠಾಂತರದೊಳಗೆ ಮಡಿಮೈಲಿಗೆಯ ಮಾತೇಕೆ? ಸಿಲಿಂಡರಿನ ವ್ಯಾಸವು 65 ಮಿ.ಮೀ. ಎಂದು ಕಂಠಪಾಠ ಒಪ್ಪಿಸುವ ಈ ಪಂಡಿತರು, ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿ ತೊಡಿಸಲೆಂದೇ ಓವರ್‌ಸೈಜ್ ಪಿಸ್ಟನ್ನುಗಳು ಮೊದಲಿನಿಂದಲೂ ಇದ್ದುವೆಂಬುದನ್ನು ಮರೆಯುತ್ತಾರೆ. ಸವೆತವು ಬರುವುದೆಂದೂ ಅಳತೆಯು ಬದಲಾಗುವುದೆಂದೂ ಕರ್ತೃವೇ ಒಪ್ಪಿ ದಾರಿ ಬಿಟ್ಟಿರುವಾಗ ಇವರಾರು ಅಡ್ಡಗಟ್ಟುವವರು? ಕಾರ್ಖಾನೆ ಮುಚ್ಚಿದ ಬಳಿಕ ಪೇಟೆಯಲ್ಲಿ ಸಿಗುವ ಬಿಡಿಭಾಗಗಳಲ್ಲಿ ಒಳ್ಳೆಯದಿದೆ, ಕೆಟ್ಟದ್ದಿದೆ. ಅದನ್ನು ಮುದ್ರೆಯಿಂದಲ್ಲ, ಮೈಕ್ರೊಮೀಟರಿನಿಂದ ತಿಳಿಯಬೇಕು. ಎದುರು ಪಂಗಡವೊಂದಿದೆ, ರಾಬರ್ಟ್ ಪಿರ್ಸಿಗನ 1974ರ ಪುಸ್ತಕವನ್ನು ಕೈಯಲ್ಲಿ ಹಿಡಿದು, ನಟ್ಟು ಬಿಗಿಯುವುದೆಲ್ಲವೂ ಧ್ಯಾನವೆನ್ನುವವರದು. ಅವರೊಡನೆ ವಾದವಿಲ್ಲ, ಧ್ಯಾನವು ಆಯಿಲ್ ಸೀಲನ್ನು ಕಾಯದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಎಂಜಿನ್ನನ್ನು ಹದಕ್ಕೆ ತಂದ ಮೇಲೆ ನಾವಿಬ್ಬರೂ ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಾಟಿಯನ್ನು ಏರಿದೆವು. ಅರ ಹಾಕಿದ ಪಾಪವು ಪ್ರತಿ ತಿರುವಿನಲ್ಲಿಯೂ ಕಾಣಿಸಿಕೊಂಡಿತು. ಮೂರನೆಯ ಗೇರಿನಲ್ಲಿ ಏರಬೇಕಾದಲ್ಲಿ ಎರಡಕ್ಕೆ ಇಳಿಸಬೇಕಾಗಿ, ಹಿಂದಿನ ಬಸ್ಸಿನ ಹಾರ್ನು ಕೇಳಬೇಕಾಯಿತು. ಆದರೂ ಪಿಸ್ಟನ್ನು ಹಿಡಿಯಲಿಲ್ಲ, ಕೆಳಭಾಗದಿಂದ ಒಂದು ಅಪಶಬ್ದವೂ ಏಳಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಪ್ಲಗ್ಗು ಬಿಚ್ಚಿ ನೋಡಿದೆ: ಕಾಫಿಬೀಜದ ಬಣ್ಣ, ಗಾಳಿ ಹೆಚ್ಚಿಲ್ಲ, ಎಣ್ಣೆ ಹೆಚ್ಚಿಲ್ಲ. ಅಷ್ಟರಲ್ಲಿ ಗಾಡಿಯ ಸುತ್ತ ನಾಲ್ಕು ಜನ ಸೇರಿ, ಟ್ಯಾಂಕನ್ನು ಸವರಿ, ಇಷ್ಟು ಚಂದ ಎಲ್ಲಿ ಮಾಡಿಸಿದಿರೆಂದು ಕೇಳಿದರು. "ಎಲ್ಲ ಮನೆಯಲ್ಲೇ" ಎಂದರು ಮಿತ್ರರು, ನನ್ನ ಮುಖವನ್ನು ನೋಡದೆ. ಮರಳಿ ಬಂದ ಸಂಜೆ ಆ ನೋಟುಪುಸ್ತಕವನ್ನು ಕೇಳಿ ಪಡೆದು ತಿರುವಿದೆ. ಸ್ಕ್ರೂಗಳ ಲೆಕ್ಕವಿತ್ತು, ಹಂಡೆಯ ವೃತ್ತಾಂತವಿತ್ತು, ಅರ ಹಾಕಿದ ದಿನಕ್ಕೆ ಎರಡು ಪುಟ ತುಂಬ ಚಿತ್ರಗಳಿದ್ದುವು. ಮೂಡುಬಿದಿರೆಗೆ ಹೋದ ಮೂರು ದಿನಗಳ ಪುಟಗಳಲ್ಲಿ ಮಾತ್ರ ದಿನಾಂಕ, ಅದರ ಕೆಳಗೆ ಬಸ್ಸಿನ ಚಾರ್ಜು.