ಗಂಗಾಳನ್ನು ಮರೆಸಿದ ಕಾಯಿಲೆ

2004ರಲ್ಲಿ ‘ಆಪ್ತಮಿತ್ರ’ ತೆರೆಗೆ ಬಂದಾಗಿನಿಂದ ಅದಕ್ಕೊಂದು ಹೊಗಳಿಕೆ ಅಂಟಿಕೊಂಡಿದೆ. ದೆವ್ವದ ಕಥೆಯಂತೆ ಶುರುವಾಗಿ, ಕೊನೆಗೆ ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ಹೇಳಿದ ಧೈರ್ಯದ ಚಿತ್ರ ಎಂಬುದು. ವಿಷ್ಣುವರ್ಧನ್ ಅವರ ಡಾಕ್ಟರ್ ವಿಜಯ್ ಮೂಢನಂಬಿಕೆಯನ್ನು ವಿಜ್ಞಾನದಿಂದ ಸೋಲಿಸಿದರು ಎಂದು ಓದಿದವರೇ ಹೆಚ್ಚು ಮೆಚ್ಚುತ್ತಾರೆ. ನನಗಂತೂ ಹಾಗೆ ಕಾಣುವುದಿಲ್ಲ. ದೆವ್ವ ಎದ್ದುಹೋದ ಜಾಗದಲ್ಲಿ ‘ಸ್ಪ್ಲಿಟ್ ಪರ್ಸನಾಲಿಟಿ’ ಬಂದು ಕೂತಿತು, ಅಷ್ಟೇ. ಸೌಂದರ್ಯ ಅಭಿನಯಿಸಿದ ಗಂಗಾಳಿಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು ಎಂದು ಕೇಳುವ ತೊಂದರೆಯನ್ನು ಎರಡೂ ತಪ್ಪಿಸುತ್ತವೆ.

ಆ ಮಂಚ ಎತ್ತುವ ದೃಶ್ಯವನ್ನೇ ನೋಡಿ. ಹೊರಗೆ ಹೊರಟ ಹೆಂಡತಿಯನ್ನು ಗಂಡ ಹೋಗಬೇಡ ಎಂದು ತಡೆಯುತ್ತಾನೆ. ಸೌಂದರ್ಯ ಅದನ್ನು ಮೊದಲು ಯಾವ ಮನೆಯಲ್ಲೂ ಕೇಳಬಹುದಾದ ಮುನಿಸಿನಲ್ಲೇ ಆಡುತ್ತಾರೆ. ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ಆಮೇಲೆ ಅವಳ ಮೈಮೇಲೆ ಬರುವ ನಾಗವಲ್ಲಿ, ಹಿಂದೆ ರಾಜನೊಬ್ಬ ಅರಮನೆಯಲ್ಲಿ ಕೂಡಿಹಾಕಿದ್ದ ನರ್ತಕಿ, ಕಾಣಿಸುತ್ತಾಳೆ. ನಮಗೆ ನೆನಪಿರುವುದು ಮಂಚ ಮಾತ್ರ. ಯಾವ ಮಾತಿಗೆ ಅವಳು ಕೆರಳಿದಳು ಎಂಬುದು ರೋಗಲಕ್ಷಣಗಳ ಪಟ್ಟಿಯಲ್ಲಿ ಕರಗಿಹೋಗಿದೆ.

ಮೂಲ ಚಿತ್ರ, 1993ರ ಮಲಯಾಳಂನ ‘ಮಣಿಚ್ಚಿತ್ರತ್ತಾಳ್’, ಇಲ್ಲಿ ಹೆಚ್ಚು ಪ್ರಾಮಾಣಿಕ. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ಆ ಕಥೆಯಲ್ಲಿ ಗಂಗಾಳಿಗೆ ಒಂದು ಬಾಲ್ಯವಿದೆ. ತಂದೆತಾಯಿ ಅವಳನ್ನು ಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟು ಕಲ್ಕತ್ತಕ್ಕೆ ಹೋಗುತ್ತಾರೆ. ಅಜ್ಜಿಯ ಕಥೆಗಳಲ್ಲೇ ಬೆಳೆದವಳನ್ನು ಮುಂದೆ ಅಲ್ಲಿಂದಲೂ ಕೀಳಲು ಬರುತ್ತಾರೆ. ಮದುವೆಯಾದ ಮೇಲೆ ಸದಾ ಕೆಲಸದಲ್ಲಿ ಮುಳುಗಿದ ಗಂಡ. ಅವರು ಬಂದು ಇಳಿಯುವ ಮನೆಯೋ ಆ ಗಂಡನ ಪೂರ್ವಿಕರದು, ನರ್ತಕಿಯನ್ನು ಕೂಡಿಹಾಕಿದ ಯಜಮಾನನೂ ಅದೇ ವಂಶದವನು. ಅವಳ ಸಿಟ್ಟಿಗೆ ಗಂಡನ ಮುಖ ಸಿಕ್ಕಿದ್ದು ಸುಮ್ಮನೆ ಅಲ್ಲ. ಕನ್ನಡದಲ್ಲಿ ಗಂಡ ರಮೇಶ್ ಅರಮನೆಯನ್ನು ದುಡ್ಡು ಕೊಟ್ಟು ಕೊಂಡವನು. ರಾಜನಿಗೂ ಅವನಿಗೂ ರಕ್ತಸಂಬಂಧವಿಲ್ಲ. ಸಣ್ಣ ಬದಲಾವಣೆ ಎನ್ನಿಸುತ್ತದೆ, ಆದರೆ ಅಲ್ಲಿಗೆ ಗಂಡ ನಿರಪರಾಧಿ, ಹೆಂಡತಿ ಬರೀ ರೋಗಿ.

ಇನ್ನು ವಿಜ್ಞಾನದ ಮಾತು. ಡಾಕ್ಟರ್ ಕೊಟ್ಟ ಚಿಕಿತ್ಸೆ ಯಾವುದು? ದುರ್ಗಾಷ್ಟಮಿ, ಮಂಡಲ, ಮಂತ್ರ ಹೇಳುವ ಆಚಾರ್ಯರು, ಕೊನೆಗೆ ರಾಜನ ಗೊಂಬೆಯನ್ನು ಅವಳ ಕೈಯಲ್ಲೇ ಕೊಲ್ಲಿಸುವುದು. ಇದು ಉಚ್ಚಾಟನೆಯೇ, ಪಕ್ಕದಲ್ಲಿ ಒಬ್ಬ ಎಂಡಿ ನಿಂತಿದ್ದಾನೆ, ಅಷ್ಟೇ ವ್ಯತ್ಯಾಸ. ಮಲಯಾಳಂ ಚಿತ್ರವೂ ಇದರಿಂದ ಪಾರಾಗಿಲ್ಲ. ಅಲ್ಲಿ ಡಾಕ್ಟರ್ ಸನ್ನಿ ಗಂಗಾಳ ಕಣ್ಣು ತಪ್ಪಿಸಲು ಶ್ರೀದೇವಿ ಎಂಬ ಅಮಾಯಕಿಗೆ ಹುಚ್ಚು ಎಂದು ಸಾರಿ, ಅವಳನ್ನು ಕೋಣೆಯಲ್ಲಿ ಕೂಡಿಹಾಕಿಸುತ್ತಾನೆ. ಪ್ರೇಕ್ಷಕರಿಗೆ ಅದು ಜಾಣತನದ ತಂತ್ರವಾಗಿ ಕಾಣುತ್ತದೆ. ಹುಚ್ಚಿ ಎಂದು ಕರೆಯಲು ಡಾಕ್ಟರ ಒಂದು ಮಾತು ಸಾಕು ಎಂಬುದು ಯಾರಿಗೂ ಚುಚ್ಚುವುದಿಲ್ಲ.

ಹಾಗಾದರೆ ಗಂಗಾಳಿಗೆ ಕಾಯಿಲೆಯೇ ಇಲ್ಲ, ಕೆಟ್ಟಿರುವುದು ಸಮಾಜ ಎನ್ನೋಣವೇ? ಆ ಸುಲಭದ ಮಾತೂ ಬೇಡ. ಮೈಮೇಲೆ ಬರುವುದನ್ನು ವೈದ್ಯಶಾಸ್ತ್ರ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಅದಕ್ಕೆ ಬಹುವ್ಯಕ್ತಿತ್ವದಿಂದ ಬೇರೆಯಾದ ಜಾಗವೇ ಇದೆ. ಗಂಗಾ ನರಳುತ್ತಿದ್ದಾಳೆ, ನಿಜ. ಆದರೆ ಕಾಯಿಲೆಯ ಹೆಸರು ಅವಳಿಗೆ ಏನಾಯಿತು ಎಂದಷ್ಟೇ ಹೇಳೀತು. ಅರಮನೆಯ ಅಷ್ಟೂ ಕಥೆಗಳಲ್ಲಿ ಅವಳು ರಾಣಿಯನ್ನು ಬಿಟ್ಟು, ಪ್ರಿಯಕರನಿಂದ ಕಿತ್ತುತಂದ ಪರವೂರಿನ ನರ್ತಕಿಯನ್ನೇ ಏಕೆ ಆರಿಸಿಕೊಂಡಳು ಎಂದು ಅದು ಹೇಳದು. ವಿಮರ್ಶೆ ಶುರುವಾಗಬೇಕಾದ್ದು ಆ ಪ್ರಶ್ನೆಯಿಂದ. ನಮ್ಮ ಮೆಚ್ಚುಗೆ ನಿಂತುಬಿಟ್ಟದ್ದು ಅದಕ್ಕೂ ಮೊದಲೇ.

‘ಆಪ್ತಮಿತ್ರ’ ಸೊಗಸಾದ ಥ್ರಿಲ್ಲರ್, ಸೌಂದರ್ಯ ಅವರ ಅಭಿನಯಕ್ಕಾಗಿಯೇ ಮತ್ತೆ ನೋಡಬಹುದು. ಮನೋವೈದ್ಯದ ಪಾಠವೆಂದು ಮಾತ್ರ ಅದನ್ನು ಯಾರಿಗೂ ಶಿಫಾರಸು ಮಾಡಬೇಡಿ.