ಬಣ್ಣದ ಹದ
ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮಿನಲ್ಲಿ ವೈಬ್ರೆನ್ಸ್, ಸ್ಯಾಚುರೇಶನ್ ಎಂಬ ಎರಡು ಸ್ಲೈಡರ್‌ಗಳು ಒಂದರ ಕೆಳಗೊಂದು ಇವೆ. ನೋಡಲು ಅವಳಿ, ಗುಣ ಬೇರೆ. ಸ್ಯಾಚುರೇಶನ್ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಏರಿಸುತ್ತದೆ. ಪೂರ್ತಿ ಎಡಕ್ಕೆ ಎಳೆದರೆ ಚಿತ್ರ ಕಪ್ಪು ಬಿಳುಪು. ವೈಬ್ರೆನ್ಸ್ ಮಾತ್ರ ಆಳು ನೋಡಿ ಮಣೆ ಹಾಕುತ್ತದೆ: ಸಪ್ಪೆ ಬಣ್ಣಕ್ಕೆ ಹೆಚ್ಚು, ಆಗಲೇ ಗಾಢವಾದದ್ದಕ್ಕೆ ಕಡಿಮೆ. ಮೈಬಣ್ಣದ ಹತ್ತಿರವಂತೂ ಬಲು ಹುಷಾರು. ಮದುಮಗಳ ಕೆನ್ನೆ ಕಿತ್ತಳೆಯಾಗದೆ ಉಳಿಯುವುದು ಅದರ ದಯೆ.

ಕೆಂಪು ದಾಸವಾಳದ ಫೋಟೊ ತೆಗೆದುಕೊಳ್ಳಿ. ಜೆಪೆಗ್‌ನಲ್ಲಿ ಕೆಂಪಿಗಿರುವ ಮೆಟ್ಟಿಲುಗಳು 0ಯಿಂದ 255ರವರೆಗೆ ಮಾತ್ರ. ಸ್ಯಾಚುರೇಶನ್ ಏರಿಸುತ್ತ ಹೋದರೆ ಎಸಳಿನ ಕೆಂಪೆಲ್ಲ 255ಕ್ಕೆ ಹೋಗಿ ತಲೆ ತಾಗಿಸಿಕೊಂಡು ನಿಲ್ಲುತ್ತದೆ. ನವಿರಾದ ನರಗಳು, ಅಂಚಿನ ಮಡಿಕೆ ಮಾಯ. ಉಳಿಯುವುದು ಪ್ಲಾಸ್ಟಿಕ್ ಹೂವು. ಬಲ್ಲವರು ಕ್ಯಾಮೆರಾ ದಾಖಲಿಸಿದ ಮೂಲ ರಾ ಫೈಲಿಗೆ ಮರಳಿ ಕೆಂಪೊಂದನ್ನೇ ಆರಿಸಿ ತುಸು ಇಳಿಸುತ್ತಾರೆ. ಎಲೆಯ ಹಸಿರು ಇದ್ದಂತೆಯೇ ಇರುತ್ತದೆ, ಎಸಳಿನ ಗೆರೆಗಳು ಎದ್ದು ಬರುತ್ತವೆ. ಇಡೀ ತಂತ್ರಾಂಶದಲ್ಲಿ ನನಗೆ ಅತಿ ಪ್ರಿಯವಾದ ಕೈಚಳಕ ಇದು.

ಗಾಢ ಬಣ್ಣ ನನಗೇನೂ ವರ್ಜ್ಯವಲ್ಲ. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯ ಫಿಲ್ಮು ಹೆಸರು ಮಾಡಿದ್ದೇ ಅಂಥ ಬಣ್ಣದಿಂದ. ಆದರೆ ಆ ರೋಲು ಕ್ಯಾಮೆರಾಕ್ಕೆ ಹಾಕಿದ ಮೇಲೆ ಮುಗಿಯಿತು, ಬೆಟ್ಟಕ್ಕೂ ಮುಖಕ್ಕೂ ಅದೇ ಕಡುಬಣ್ಣ.