ಕುಂತಿ ಮಾತ್ರ ಹೊರಗಿನವಳು

ಬೇಸಿಗೆಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಓಡಾಡಿದರೆ ಎಲ್ಲೋ ಒಂದು ಊರಲ್ಲಿ 'ಕುರುಕ್ಷೇತ್ರ' ನಾಟಕದ ಪೋಸ್ಟರ್ ಕಣ್ಣಿಗೆ ಬೀಳುತ್ತೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿರ್ತಾರೆ. ಪಾರ್ಟು ಮಾಡೋರೇ ಕೈಯಿಂದ ದುಡ್ಡು ಹಾಕಿರ್ತಾರೆ. ಕೃಷ್ಣ, ದುರ್ಯೋಧನನ ಪಾರ್ಟಿಗೆ ರೇಟು ಜಾಸ್ತಿ. ಸೀನು, ಡ್ರೆಸ್ಸು ಬಾಡಿಗೆಗೆ ಬರುತ್ತೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸ್ತಾರೆ. ಆಫೀಸಲ್ಲಿ ಇದರ ಮಾತು ತೆಗೆದರೆ ನಗು. ಯುದ್ಧವನ್ನು ಪ್ರಶ್ನಿಸೋದು, ಮುಚ್ಚಿಟ್ಟ ಮಾತು ಆಡೋದು ಅಂದರೆ ಬ್ರಿಟಿಷ್ ನಾಟಕ, ಬ್ರಿಟಿಷ್ ಸಿನಿಮಾ. ನಮ್ಮದು ಬರೀ ಕೂಗಾಟ ಅಂತ ನಂಬಿಕೆ.

ಸರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಲಂಡನ್ನಿನ ಪೂರ್ವಕ್ಕಿರುವ ಕೂಲಿಕಾರರ ಬಡಾವಣೆ ಸ್ಟ್ರಾಟ್‌ಫರ್ಡ್‌ನಲ್ಲಿ ಜೋನ್ ಲಿಟಲ್‌ವುಡ್ ಅನ್ನೋರು ಒಂದು ನಾಟಕ ತಂಡ ನಡೆಸುತ್ತಿದ್ದರು. ಆಗ ಅಲ್ಲಿ ಅರಮನೆಯ ಅಧಿಕಾರಿಯೊಬ್ಬ ಒಪ್ಪದೆ ಹೊಸ ನಾಟಕವನ್ನು ಸಾರ್ವಜನಿಕವಾಗಿ ಆಡುವಂತಿರಲಿಲ್ಲ. ಆ ಕಾನೂನು ಹೋಗಿದ್ದು 1968ರಲ್ಲಿ. 1958ರಲ್ಲಿ ಆಕೆ ಆಡಿಸಿದ್ದು 'ಎ ಟೇಸ್ಟ್ ಆಫ್ ಹನಿ'. ಬರೆದ ಶೀಲಾ ಡೆಲಾನಿಗೆ ಆಗ 19 ವರ್ಷ. ಮದುವೆಯಾಗದ ಹುಡುಗಿ ಬಸುರಿ, ಕೂಸಿನ ಅಪ್ಪ ಕಪ್ಪು ನಾವಿಕ, ಜೊತೆಗೆ ನಿಲ್ಲೋನು ಒಬ್ಬ ಸಲಿಂಗಿ ಗೆಳೆಯ. 1963ರಲ್ಲಿ 'ಓ ವಾಟ್ ಎ ಲವ್ಲಿ ವಾರ್'. ಮೊದಲ ಮಹಾಯುದ್ಧದ ಕಥೆ. ನಟರು ಬಿಳಿ ಕೋಡಂಗಿ ಬಟ್ಟೆ ಹಾಕ್ಕೊಂಡು ಸೈನಿಕರ ಹಾಡು ಹಾಡ್ತಾರೆ. ಹಿಂದೆ ದೀಪದ ಫಲಕದಲ್ಲಿ ಸತ್ತವರ ಲೆಕ್ಕ ಓಡುತ್ತೆ. ಸೊಮ್ ಕದನದ ಮೊದಲ ದಿನ, 1916ರ ಜುಲೈ 1ರಂದು, ಬ್ರಿಟಿಷ್ ಸೇನೆಯಲ್ಲಿ ಸತ್ತವರೇ 19 ಸಾವಿರಕ್ಕೂ ಹೆಚ್ಚು. ಚಪ್ಪಾಳೆಗೆ ಎತ್ತಿದ ಕೈ ಅಲ್ಲೇ ನಿಲ್ಲಬೇಕು. ಎರಡೂ ಆಮೇಲೆ ಸಿನಿಮಾ ಆದವು, 1961 ಮತ್ತು 1969ರಲ್ಲಿ. ಎರಡನೆಯದನ್ನು ಮಾಡಿದ್ದು ಮುಂದೆ 'ಗಾಂಧಿ' ಸಿನಿಮಾ ಮಾಡಿದ ರಿಚರ್ಡ್ ಅಟೆನ್‌ಬರೋ.

ಈಗ ನಮ್ಮ ಕುರುಕ್ಷೇತ್ರಕ್ಕೆ ಬನ್ನಿ. ಯುದ್ಧ ಇರೋದು ಹೆಸರಲ್ಲಿ. ರಾತ್ರಿಯ ತಿರುಳೆಲ್ಲ ಕೃಷ್ಣ ಸಂಧಾನಕ್ಕೆ ಹೋಗುತ್ತೆ. ಐದು ಹಳ್ಳಿ ಕೊಡಪ್ಪಾ ಸಾಕು ಅಂತ ಕೃಷ್ಣ, ಸೂಜಿ ಮೊನೆಯಷ್ಟೂ ಕೊಡಲ್ಲ ಅಂತ ದುರ್ಯೋಧನ. ಯುದ್ಧಕ್ಕೆ ಬರುವಷ್ಟರಲ್ಲಿ ಬೆಳಕು ಹರೀತಿರುತ್ತೆ, ಒಬ್ಬೊಬ್ಬರೂ ಅವಸರದಲ್ಲಿ ಸಾಯ್ತಾರೆ. ಗುಬ್ಬಿ ಕಂಪನಿಯವರು ಆನೆ, ಕುದುರೆಗಳನ್ನೇ ಸ್ಟೇಜಿಗೆ ತಂದ ಕಥೆ ಇದು. ನಮ್ಮೂರಿನವರಿಗೆ ಆನೆ ಬೇಕಿಲ್ಲ, ವಾದ ಬೇಕು. ಯಾಕೆ ಹೇಳಿ? ಎದುರಿಗೆ ಚಾಪೆ ಹಾಸಿ ಕೂತ ಎಷ್ಟೋ ಜನ, ಎರಡು ಸಾಲು ಕಡಲೆಕಾಯಿ ಬರುವಷ್ಟು ಬದುವಿಗೆ ದಾಯಾದಿಗಳ ಮೇಲೆ ಕೇಸು ಹಾಕಿ ಕೋರ್ಟಿಗೆ ಅಲೀತಿರೋರು. ಸೂಜಿ ಮೊನೆ ಅವರಿಗೆ ಬರೀ ಉಪಮೆ ಅಲ್ಲ.

ಇಷ್ಟು ಹರಿತವಾದ ಯುದ್ಧವಿರೋಧಿ ನಾಟಕವನ್ನು ನಾವು ನೋಡೋ ರೀತಿ ಮಾತ್ರ ಬೇರೆ. ಸಂಧಾನ ಮುರಿದಾಗ ಶಿಳ್ಳೆ. ಸೂಜಿ ಮೊನೆಯ ಮಾತಿಗೆ ನೋಟಿನ ಹಾರ. ಸಾಯೋ ಹಾಡಿಗೆ ಒನ್ಸ್ ಮೋರ್. ಸತ್ತವನು ಎದ್ದು, ಮತ್ತೆ ಹಾಡಿ, ಮತ್ತೆ ಸಾಯ್ತಾನೆ. ಲಿಟಲ್‌ವುಡ್ ಹಾಡಿನ ಸುಖ ಕೊಟ್ಟು ಕಿತ್ತುಕೊಳ್ತಾರೆ. ನಾವು ಕೊಟ್ಟಿದ್ದನ್ನು ವಾಪಸ್ ಇಸ್ಕೊಳ್ಳೋದೇ ಇಲ್ಲ. 2019ರ 'ಕುರುಕ್ಷೇತ್ರ' ಸಿನಿಮಾದ ಕಥೆಯೂ ಹೀಗೇ. ಅದಕ್ಕೆ ಆಧಾರ ರನ್ನನ 'ಗದಾಯುದ್ಧ'. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆದು, ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಮರುಗುತ್ತಾನೆ. ನನಗೆ ಸಿನಿಮಾದಿಂದ ನೆನಪಲ್ಲಿ ಉಳಿದಿದ್ದು ಗ್ರಾಫಿಕ್ಸಿನ ಸೇನೆ.

ಇದಕ್ಕಿಂತ ದೊಡ್ಡ ಮಾತು ಕುಂತಿಯದು. ಮದುವೆಗೆ ಮುಂಚೆ ಹೆತ್ತು, ಕೂಸನ್ನು ನೀರಿಗೆ ಬಿಟ್ಟು, ವರ್ಷಾನುಗಟ್ಟಲೆ ಬಾಯಿ ಮುಚ್ಚಿಕೊಂಡ ಹೆಂಗಸು. ಆ ಮೌನದಿಂದಲೇ ಅಣ್ಣತಮ್ಮಂದಿರು ಎದುರುಬದುರು ನಿಲ್ತಾರೆ, ಕರ್ಣ ಸೂತಪುತ್ರ ಅಂತ ಅನ್ನಿಸಿಕೊಳ್ತಾನೆ. ಮರ್ಯಾದೆಯ ಭಯ, ಜಾತಿ, ಯುದ್ಧ, ಮೂರೂ ಒಂದೇ ಬಳ್ಳಿಯವು ಅಂತ ನಮ್ಮ ನಾಟಕ ಒಂದೇ ರಾತ್ರೀಲಿ ಹೇಳುತ್ತೆ. ಕರ್ಣನ ಮುಂದೆ ಕುಂತಿ ಬಾಯಿ ಬಿಟ್ಟಾಗ ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಗುತ್ತೆ.

ಬೆಳಿಗ್ಗೆ? ಅದೇ ಊರಲ್ಲಿ ಮದುವೆಯಾಗದ ಹುಡುಗಿ ಬಸುರಾದರೆ ರಾತ್ರೋರಾತ್ರಿ ದೂರದ ನೆಂಟರ ಮನೆ ಸೇರ್ತಾಳೆ. ಅವಳ ಹೆಸರು ಎತ್ತೋ ಹಾಗಿಲ್ಲ. ಕುಂತಿಗಾಗಿ ಅತ್ತ ಕಣ್ಣುಗಳೇ ಅವಳನ್ನು ಸುಡುತ್ತವೆ.

ಪುರಾಣದ ಕಿರೀಟ ಪರ್ಮಿಷನ್ ಇದ್ದಂಗೆ. ಹಾಕ್ಕೊಂಡ್ರೆ ಏನು ಬೇಕಾದರೂ ಹೇಳಬಹುದು. ಕೇಳೋರೂ 'ಇದು ನಮ್ಮ ಮಾತಲ್ಲ' ಅಂತ ಎದ್ದು ಹೋಗಬಹುದು. ಡೆಲಾನಿಯ ಹುಡುಗಿಗೆ ಕಿರೀಟವಿಲ್ಲ, ಸಾಲ್‌ಫರ್ಡಿನ ಬಾಡಿಗೆ ಮನೆ ಇದೆ. ನೋಡೋರಿಗೆ ತಪ್ಪಿಸ್ಕೊಳ್ಳೋಕೆ ಜಾಗವಿಲ್ಲ. ಕನ್ನಡದಲ್ಲೂ ಕಿರೀಟ ತೆಗೆದಾಗ ಬಿಸಿ ತಟ್ಟಿದೆ: 1970ರ 'ಸಂಸ್ಕಾರ'ವನ್ನು ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ಹಾಗಂತ ಕುರುಕ್ಷೇತ್ರ ಬಿಟ್ಟು ಸಾಲ್‌ಫರ್ಡಿನ ಕಥೆ ಆಡಿ ಅನ್ನಲ್ಲ. ಶನಿವಾರ ಬಸ್ಸು ಹತ್ತಿ ಊರಿಗೆ ಹೋಗಿ ಪ್ರಾಕ್ಟೀಸ್ ಮಾಡೋ ಗೆಳೆಯರೇ, ಒಂದೇ ಒಂದು ಬದಲಾವಣೆ ಮಾಡಿ. ಊರೂರು ತಿರುಗಿ ಆಡೋ ಕಲಾವಿದೆಯರ ದುಡಿಮೆ ದೊಡ್ಡದು. ಆದರೆ ನಾವು ಅವರನ್ನು ಕರೆಸೋದು ನಮ್ಮ ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚಿದರೆ ಮರ್ಯಾದೆ ಹೋಗುತ್ತೆ ಅಂತ. ಅಂದರೆ ಕುಂತಿಯ ಬಾಯಿ ಮುಚ್ಚಿಸಿದ ಭಯದಿಂದಲೇ ನಾವು ಕುಂತಿಯ ಪಾತ್ರವನ್ನೂ ಹೊರಗೆ ಇಟ್ಟಿದ್ದೀವಿ. ಮುಂದಿನ ಸಲ ಊರಿನ ಹೆಣ್ಣುಮಗಳೊಬ್ಬಳು ಒಪ್ಪಿ ಬಂದರೆ ಆ ಪಾರ್ಟು ಅವಳಿಗೆ ಕೊಡಿ. ನಮ್ಮ ಅಕ್ಕನೋ ಅತ್ತಿಗೆಯೋ ಸ್ಟೇಜ್ ಮೇಲೆ ನಿಂತು 'ಇವನು ನನ್ನ ಮಗ' ಅಂದಾಗ ಶಿಳ್ಳೆ ಹೊಡೆಯೋಕೆ ಯಾರಿಗೂ ಬಾಯಿ ಬರಲ್ಲ.